ಉಳಿಸಿದ್ದೇವೆ ಎನ್ನುವವರಿಗೆ

ನಮ್ಮ ಕಡೆ ಈಗ ಒಂದು ಮಾತು ಬಹಳ ಚಲಾವಣೆಯಲ್ಲಿದೆ. ಯಾವುದೇ ಸಂಘದ ವಾರ್ಷಿಕೋತ್ಸವಕ್ಕೆ ಹೋಗಿರಿ, ಯಾವುದೇ ಗ್ರಂಥಾಲಯದ ಕಾರ್ಯದರ್ಶಿಯನ್ನು ಮಾತಿಗೆಳೆಯಿರಿ, ಅದು ಬಂದೇ ಬರುತ್ತದೆ: 'ನಮ್ಮ ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ ಉಳಿಸಿದ್ದೇವೆ.' ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಕಾರ್ಯದರ್ಶಿಗಳು ಹಾರ ಹಾಕಿಸಿಕೊಂಡು ಕೂಡುತ್ತಾರೆ. ಈ ವಾಕ್ಯದ ಮೊದಲ ಭಾಗದ ಬಗ್ಗೆ ನನ್ನ ತಕರಾರೇನೂ ಇಲ್ಲ. ಕಂಪ್ಯೂಟರಿಗೆ ಹಾಕಿಸಿರುವುದು ನಿಜವೇ ಇರಬಹುದು. ತಕರಾರು ಇರುವುದು ಕೊನೆಯ ಪದದ ಮೇಲೆ. 'ಉಳಿಸಿದ್ದೇವೆ' ಎಂಬ ಪದವನ್ನು ಈ ಮಹನೀಯರು ಯಾವ ಧೈರ್ಯದಿಂದ ಬಳಸುತ್ತಾರೆ?

ಹೊಸಪೇಟೆಯಲ್ಲಿಯೇ ಆಯುಷ್ಯದ ಹೆಚ್ಚಿನ ಪಾಲನ್ನು ಕಳೆದಿರುವ ನಾನು ಕಂಪ್ಯೂಟರಿನ ಶತ್ರುವಲ್ಲ; ಈ ಲೇಖನವನ್ನು ಬರೆದಿರುವುದೂ ಅದರಲ್ಲಿಯೇ. ಆದುದರಿಂದ, 'ಮುದುಕರಿಗೆ ಹೊಸದೆಂದರೆ ಆಗದು' ಎಂಬ ಸುಲಭದ ಉತ್ತರವನ್ನು ಯಾರೂ ಮೊದಲೇ ಸಿದ್ಧಮಾಡಿಟ್ಟುಕೊಳ್ಳುವ ಅಗತ್ಯವಿಲ್ಲ. ನಾನು ಹೇಳುವುದು ಇಷ್ಟೆ: ನಕಲು ಮಾಡುವುದು ಬೇರೆ, ಉಳಿಸುವುದು ಬೇರೆ. ಒಂದೇ ಒಂದು ನಕಲು ಮಾಡಿ ಮೂಲವನ್ನು ಮಾರಿಬಿಡುವುದಕ್ಕೆ ಕನ್ನಡದಲ್ಲಿ ಮೂರನೆಯದೊಂದು ಹೆಸರಿದೆ. ಪತ್ರಿಕೆಯ ಮರ್ಯಾದೆಗಾಗಿ ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಸದಸ್ಯನಾಗಿರುವ ಒಂದು ಸಂಘವಿದೆ. ಅದರ ಹೆಸರು ಬೇಡ. ಹೆಸರು ಹೇಳಿದೊಡನೆ ವಾದವು ವಿಷಯವನ್ನು ಬಿಟ್ಟು ವ್ಯಕ್ತಿಗಳ ಮೇಲೆ ತಿರುಗುತ್ತದೆ. ಈ ಸಂಘದ ಬೀರುವಿನಲ್ಲಿ ದೊಡ್ಡಾಟದ ಮೇಳಗಳಿಂದ ಬಂದ ಕೈಬರಹದ ಪುಸ್ತಕಗಳಿದ್ದವು. ಆಟ ಕಲಿಸುವ ಮಾಸ್ತರರು ತಮ್ಮ ಉಪಯೋಗಕ್ಕೆಂದು ಬರೆದುಕೊಂಡವು ಅವು. ಪದ, ಮಾತು ಎಲ್ಲ ನಡುವಿನಲ್ಲಿ. ಅಂಚಿನಲ್ಲಿ ಬೇರೆಯೇ ಒಂದು ಪ್ರಪಂಚ. ಯಾವ ಪದಕ್ಕೆ ಮದ್ದಳೆ ನಿಲ್ಲಬೇಕು, ಯಾವ ಪಾತ್ರಧಾರಿ ಎಲ್ಲಿ ಮಾತು ಮರೆಯುತ್ತಾನೆ, ಯಾವ ಊರಿನವರು ಬೆಳಗಿನವರೆಗೆ ಕೂತರು, ಯಾವ ಊರಿನವರು ಮಳೆಯ ನೆಪ ಹೇಳಿ ಸಂಭಾವನೆಯಲ್ಲಿ ಅರ್ಧ ಹಿಡಿದರು, ಎಲ್ಲ ಅಲ್ಲಿತ್ತು. ಕುಮಾರರಾಮನ ಆಟದ ಒಂದು ಪ್ರತಿಯೂ ಅದರೊಳಗಿತ್ತು. ಕಂಪ್ಲಿಯ ರಾಜ್ಯವು ೧೩೨೭ರಲ್ಲಿ ತುಘಲಕನ ಸೈನ್ಯಕ್ಕೆ ಬಿದ್ದ ಮೇಲೂ ಆ ರಾಜಕುಮಾರನನ್ನು ಜನ ಬಿಡಲಿಲ್ಲ. ಹಾಡಿನಲ್ಲಿ, ಸಾಂಗತ್ಯದಲ್ಲಿ, ಆಟದಲ್ಲಿ ಏಳುನೂರು ವರ್ಷ ಅವನನ್ನು ಹೊತ್ತುಕೊಂಡು ಬಂದರು. ಅಂಥ ಹೊರೆಯ ಒಂದು ಎಳೆ ಆ ಪುಸ್ತಕ.

೨೦೧೦ರಲ್ಲಿ ದಾನಿಗಳೊಬ್ಬರು ಹಣ ಕೊಟ್ಟರು. ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಒಂದು ಹಾರ್ಡ್ ಡಿಸ್ಕಿಗೆ ತುಂಬಿದ್ದಾಯಿತು. ಒಂದು ಸಮಾರಂಭವೂ ಆಯಿತು. ಡಿಸ್ಕಿಗೆ ಅರಿಶಿನ ಕುಂಕುಮ ಹಚ್ಚಿದರೆಂದರೆ ಓದುಗರು ನಗಬಾರದು, ಆಯುಧಪೂಜೆಯ ಸಮಯವದು. ಮುಂದಿನ ಸಭೆಯಲ್ಲಿ, 'ಇನ್ನು ಈ ಹುಳ ಹಿಡಿದ ಕಾಗದ ಏಕೆ? ಜಾಗಕ್ಕೆ ದಂಡ' ಎಂಬ ಠರಾವು ಬಂತು. ಬೇಡವೆಂದವರು ಇಬ್ಬರು, ನಾನೊಬ್ಬ, ಈಗ ಇಲ್ಲದ ಒಬ್ಬ ಮಾಸ್ತರರು. ಪುಸ್ತಕಗಳು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋದವು. ನಮ್ಮಿಬ್ಬರ ಭಿನ್ನಮತ ಮಾತ್ರ ಸಭೆಯ ನಡವಳಿ ಪುಸ್ತಕದಲ್ಲಿದೆ. ಆ ಪುಸ್ತಕ ಕಾಗದದ್ದಾದ ಕಾರಣ ಇಂದಿಗೂ ತೆರೆದರೆ ಓದಬಹುದು. ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಎರಡನೆಯ ಪ್ರತಿಯನ್ನು ಯಾರೂ ಮಾಡಲಿಲ್ಲ. ಕಳೆದ ವರ್ಷ ಕಂಪ್ಲಿಯ ಕೆಲವು ತರುಣರು ಕುಮಾರರಾಮನ ಆಟ ಕಟ್ಟಬೇಕೆಂದು ಬಂದು ಕೇಳಿದಾಗ ಅದನ್ನು ಹೊರತೆಗೆದು ಜೋಡಿಸಿದರು. ಸಣ್ಣಗೆ 'ಗುಂಯ್' ಎಂದಿತು, ನಿಂತಿತು. ಮತ್ತೆ 'ಗುಂಯ್' ಎಂದಿತು, ನಿಂತಿತು. ಅಂಗಡಿಯ ಹುಡುಗನು ಕಿವಿಗೆ ಹಿಡಿದು ನೋಡಿ, 'ಮೋಟರೇ ತಿರುಗವಲ್ದು ಸರ್' ಎಂದ.

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಬೇಕು; ಏಕೆಂದರೆ 'ಡಿಸ್ಕು ಹೋಯಿತು' ಎಂದು ನಮ್ಮವರು ಹೇಳುವುದು 'ದೈವೇಚ್ಛೆ' ಎನ್ನುವ ದನಿಯಲ್ಲಿ. ದೈವಕ್ಕೆ ಇದರಲ್ಲಿ ಪಾತ್ರವಿಲ್ಲ. ಈ ಪೆಟ್ಟಿಗೆಯೊಳಗೆ ಕನ್ನಡಿಗಿಂತ ನುಣುಪಾದ ತಟ್ಟೆಗಳಿರುತ್ತವೆ. ಮೋಟಾರು ಅವುಗಳನ್ನು ನಿಮಿಷಕ್ಕೆ ೫೪೦೦ ಸಲವೋ ೭೨೦೦ ಸಲವೋ ತಿರುಗಿಸುತ್ತದೆ. ಗ್ರಾಮಫೋನಿನ ಮುಳ್ಳಿನ ಜಾಗದಲ್ಲಿ ಇಲ್ಲಿ ಹೆಡ್ಡು ಎಂಬ ಸೂಕ್ಷ್ಮವಾದ ಮೊನೆ ಇದೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿಯೇ ಹಾಡಬೇಕು, ಇದು ಮುಟ್ಟಿದರೆ ಕೆಟ್ಟಿತು. ತಿರುಗುವ ತಟ್ಟೆ ಎಬ್ಬಿಸುವ ಗಾಳಿಯ ಪದರದ ಮೇಲೆ, ತಲೆಗೂದಲಿನ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ, ಅದು ತೇಲುತ್ತಿರುತ್ತದೆ. ೧೯೫೬ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕಿನಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರ. ಇಂದು ಅಂಗೈಯಗಲದ ಪೆಟ್ಟಿಗೆ ಒಂದು ಗ್ರಂಥಾಲಯವನ್ನು ನುಂಗುತ್ತದೆ. ಗಾತ್ರ ಇಳಿಯಿತು, ನುಂಗುವ ಶಕ್ತಿ ಏರಿತು. ತಿರುಗಿದರೆ ಮಾತ್ರ ಓದುವೆನೆಂಬ ಮೊದಲ ದಿನದ ಷರತ್ತು ಹಾಗೆಯೇ ಉಳಿಯಿತು.

ಅಂಥ ತಟ್ಟೆ ಏಕೆ ತಿರುಗದೆ ಹೋಗುತ್ತದೆ? ಕಾರಣಗಳು ಹಲವು, ಮತ್ತು ಒಂದೊಂದಕ್ಕೂ ಒಂದೊಂದು ದನಿ. ಪೂರ್ಣ ಮೌನವಾದರೆ ಅನೇಕ ವೇಳೆ ಡಿಸ್ಕಿನ ತಪ್ಪೇ ಅಲ್ಲ. ಕೇಬಲ್ಲೋ ಅಡಾಪ್ಟರೋ ಸತ್ತಿರುತ್ತದೆ. ಅಡಾಪ್ಟರು ಸರಿಯಿದ್ದೂ ಮೌನವೆಂದರೆ, ವಿದ್ಯುತ್ತಿನ ಏರುಪೇರಿಗೆ ತನ್ನನ್ನು ಬಲಿಕೊಟ್ಟುಕೊಳ್ಳಲೆಂದೇ ಹಸಿರು ಹಲಗೆಯ ಮೇಲೆ ಕೂರಿಸಿರುವ ಒಂದು ಪುಟ್ಟ ಭಾಗ ಸುಟ್ಟಿರಬಹುದು. ಟಕ್ ಟಕ್ ಎಂದರೆ ಹೆಡ್ಡಿನ ರೋಗ. ನಮ್ಮದರಂತೆ ಗುಂಯ್ ಎಂದು ನಿಂತರೆ, ಮೋಟಾರು ಎಳೆಯುತ್ತಿದೆ, ತಟ್ಟೆ ಬಿಡುತ್ತಿಲ್ಲ ಎಂದರ್ಥ. ಬೇರಿಂಗಿನ ಎಣ್ಣೆ ವರ್ಷಗಟ್ಟಲೆ ಅಲುಗಾಡದೆ ಗಟ್ಟಿಯಾಗಿರಬಹುದು. ಅಥವಾ ಹೆಡ್ಡು ತಟ್ಟೆಗೆ ಅಂಟಿಕೊಂಡಿರಬಹುದು. ಎರಡು ಬಹು ನುಣುಪಾದ ಮೈಗಳು ಒಂದನ್ನೊಂದು ಒತ್ತಿಕೊಂಡು ಬಹುಕಾಲ ಇದ್ದರೆ ಬಿಡಿಸುವುದು ಕಷ್ಟ. ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಜೋಡಿಸಿಟ್ಟವರಿಗೆ ಇದು ಗೊತ್ತು. ಹಳೆಯ ಡಿಸ್ಕುಗಳಲ್ಲಿ ಹೆಡ್ಡು ವಿಶ್ರಮಿಸುತ್ತಿದ್ದುದು ತಟ್ಟೆಯ ಮೇಲೆಯೇ. ಮುಂದೆ ತಟ್ಟೆಯಾಚೆ ಒಂದು ಇಳಿಜಾರಿನ ಮೇಲೆ ಅದನ್ನು ನಿಲ್ಲಿಸುವ ಏರ್ಪಾಟು ಬಂತು. ಅಂತೂ, ಬೀಗ ಹಾಕಿ ಭದ್ರವಾಗಿಟ್ಟೆವು ಎಂದು ನಮ್ಮವರು ಯಾವುದನ್ನು ಕರೆದರೋ ಅದೇ ಅದಕ್ಕೆ ಮುಳುವಾಗಬಹುದಾದ ಸಂಗತಿ.

ಇನ್ನು ವೈದ್ಯರು. ರೋಗ ಹಬ್ಬಿದೊಡನೆ ನಾಟಿ ವೈದ್ಯರು ಏಳುವುದು ಲೋಕರೂಢಿ. ಒಬ್ಬರು, ಸ್ಕ್ರೂಡ್ರೈವರಿನ ಹಿಡಿಯಿಂದ ಪಕ್ಕಕ್ಕೆ ಮೆಲ್ಲಗೆ ಕುಟ್ಟಿ ಎಂದರು. ಒಬ್ಬರು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಒಂದು ರಾತ್ರಿ ಇಡಿ ಎಂದರು. ಮೂರನೆಯವರು ಬಿಚ್ಚಿ ಬೆರಳಿನಿಂದ ತಿರುಗಿಸಿಬಿಡಿ ಎಂದರು. ನಾಲ್ಕನೆಯವರು ಅದೇ ಮಾದರಿಯ ಇನ್ನೊಂದರ ಹಸಿರು ಹಲಗೆ ಹಾಕಿ ಎಂದರು. ಹಿಂದೊಂದು ಕಾಲದ ಡಿಸ್ಕುಗಳಲ್ಲಿ ಇವುಗಳಲ್ಲಿ ಕೆಲವು ಫಲಿಸಿದ್ದುಂಟು. ಆ ಕೀರ್ತಿಯ ಮೇಲೆ ಈ ಔಷಧಗಳು ಇಂದಿಗೂ ಬದುಕಿವೆ. ಕುಟ್ಟಿದರೆ ಅಂಟಿದ ಹೆಡ್ಡು ಬಿಡುವ ಬದಲು ತಟ್ಟೆಯನ್ನೇ ಗೀರಬಹುದು. ತಣ್ಣಗಾದ ಲೋಹವನ್ನು ನಮ್ಮ ಹೊಸಪೇಟೆಯ ಸೆಕೆಗೆ ತೆಗೆದರೆ ಒಳಗೆ ನೀರು ಹನಿಗಟ್ಟುತ್ತದೆ. ಬಿಚ್ಚಿದರೆ ಧೂಳು, ಹೆಡ್ಡು ತೇಲುವ ಎತ್ತರದ ಮುಂದೆ ಧೂಳಿನ ಒಂದು ಕಣ ಹೇಮಕೂಟದಷ್ಟು ದೊಡ್ಡದು. ಹಲಗೆ ಬದಲಿಸಿದರೂ ಫಲವಿಲ್ಲ, ಏಕೆಂದರೆ ಈಚಿನ ಡಿಸ್ಕುಗಳಲ್ಲಿ ಆಯಾ ಪೆಟ್ಟಿಗೆಯ ಗುಣದೋಷಗಳನ್ನು ಅದರದೇ ಹಲಗೆಯ ಒಂದು ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ; ಅದನ್ನೂ ಕಿತ್ತು ಕೂರಿಸಬೇಕು. ಒಳಗಿರುವುದು ಬೇಕೇ ಬೇಕೆಂದಾದರೆ ಮಾಡತಕ್ಕದ್ದು ಒಂದೇ: ಮತ್ತೆ ಮತ್ತೆ ವಿದ್ಯುತ್ ಕೊಟ್ಟು ಹಿಂಸಿಸದೆ, ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವ ಬೆಂಗಳೂರಿನ ತಜ್ಞರಿಗೆ ಕಳಿಸುವುದು. ಅದಕ್ಕೆ ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಖರ್ಚು; ಫಲದ ಭರವಸೆಯನ್ನು ಅವರೂ ಕೊಡುವುದಿಲ್ಲ. ಸಮಿತಿಯವರು 'ಅಷ್ಟು ಹಣ ಎಲ್ಲಿದೆ?' ಎಂದು ಕೈ ಚೆಲ್ಲಿ ಕೂತಿದ್ದಾರೆ. ಸಮಾರಂಭಕ್ಕೆ ಹಣವಿತ್ತು.

ಇದರಲ್ಲಿ ಅತ್ಯಂತ ಸಂಕಟದ ವಿಷಯವೆಂದರೆ, ಬರಹ ಬಹುಶಃ ಅಲ್ಲಿಯೇ ಇದೆ. ತಟ್ಟೆಯ ಮೇಲಿನ ಕಾಂತದ ಗುರುತುಗಳು ಮೋಟಾರಿನ ಜೊತೆಗೆ ಸಾಯುವುದಿಲ್ಲ. ಮಾಸ್ತರರ ಅಕ್ಷರ, ಅಂಚಿನ ಟಿಪ್ಪಣಿ, ಎಲ್ಲ ಅಲ್ಲಿ ಮಲಗಿರಬಹುದು. ಗ್ರಂಥಾಲಯಕ್ಕೆ ಬೆಂಕಿ ಬಿದ್ದಿಲ್ಲ; ಬಾಗಿಲಿಲ್ಲ, ಅಷ್ಟೆ. ಸಂಡೂರಿನ ನನ್ನ ಮಿತ್ರರೊಬ್ಬರು ಇದಕ್ಕೆ ಒಂದು ಮಾತು ಸೇರಿಸಿದರು. ಮೊದಲ ಕಾಲದ ಡಿಸ್ಕಿನ ತಟ್ಟೆಗಳಿಗೆ ಬಳಿಯುತ್ತಿದ್ದುದು ಕಬ್ಬಿಣದ ಆಕ್ಸೈಡು, ಎಂದರೆ ಒಂದು ಬಗೆಯ ತುಕ್ಕು. ಅದು ಸಂಡೂರಿನ ಗುಡ್ಡದ ಕೆಂಪು ಅದಿರಿನ ದಾಯಾದಿ. 'ನಮ್ಮ ಗುಡ್ಡ ಕಡಿದು ಲಾರಿಯಲ್ಲಿ ಕಳಿಸಿದೆವು, ನಮ್ಮ ಪುಸ್ತಕ ಕಡಿದು ತುಕ್ಕಿನ ಮೇಲೆ ಬರೆಸಿದೆವು' ಎಂದರು. ಈಚಿನ ತಟ್ಟೆಗಳಲ್ಲಿ ಕೋಬಾಲ್ಟಿನ ಮಿಶ್ರಲೋಹವಿರುವುದರಿಂದ ಅವರ ಮಾತು ಈಗ ಅಕ್ಷರಶಃ ಸಲ್ಲದು. ಆದರೂ ಬಿಡಲು ಮನಸ್ಸಾಗಲಿಲ್ಲ.

ಡಿಸ್ಕು ಸಾಯುವುದು ಆಕಸ್ಮಿಕವೆಂಬ ವಾದವನ್ನು ಒಪ್ಪಲು ನಾನು ಸಿದ್ಧನಿಲ್ಲ. ಗೂಗಲ್ ಕಂಪನಿ ತನ್ನಲ್ಲಿದ್ದ ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳ ಸಾವುನೋವಿನ ಲೆಕ್ಕವನ್ನು ೨೦೦೭ರಲ್ಲಿ ಪ್ರಕಟಿಸಿತು. ಮೊದಲ ವರ್ಷದವುಗಳಲ್ಲಿ ವರ್ಷಕ್ಕೆ ನೂರಕ್ಕೆ ೧.೭ ಕೆಟ್ಟರೆ, ಮೂರು ವರ್ಷದವುಗಳಲ್ಲಿ ೮.೬ ಕೆಟ್ಟವು. ಅವುಗಳನ್ನು ಹಗಲಿರುಳು ದುಡಿಸುತ್ತಿದ್ದುದು ನಿಜ. ನಮ್ಮದು ಬೀರುವಿನಲ್ಲಿ ನಿದ್ದೆ ಮಾಡಿದ್ದೂ ನಿಜ. ಆದರೆ ಹದಿನೈದು ವರ್ಷದ ನಿದ್ದೆಯ ಮೇಲೆ ಎದ್ದು ಕೂತಿದ್ದರೆ ಅದು ಆಶ್ಚರ್ಯ, ಏಳದಿದ್ದುದು ಸಾಮಾನ್ಯ. ಇದನ್ನು ತಿಳಿಯಲು ಪಾಂಡಿತ್ಯ ಬೇಡ. ಅದರ ರಸೀದಿಯ ಮೇಲೆ ಬರೆದಿದ್ದ ಗ್ಯಾರಂಟಿಯ ಅವಧಿಯನ್ನು ಓದಿದ್ದರೆ ಸಾಕಿತ್ತು. ಮಾಡಿದವನೇ ಕೆಲವು ವರ್ಷಕ್ಕಿಂತ ಹೆಚ್ಚಿನ ಹೊಣೆ ಹೊರದ ವಸ್ತುವಿಗೆ ನಮ್ಮ ಠರಾವು 'ಶಾಶ್ವತ' ಎಂಬ ವಿಶೇಷಣ ಹಚ್ಚಿತು.

ಈಗ ಎದುರಿನ ಪಕ್ಷದವರು ನನ್ನ ಬೆನ್ನು ತಟ್ಟಲು ಬರುತ್ತಿರುವುದು ಕಾಣುತ್ತಿದೆ. 'ನೋಡಿದಿರಾ, ನಮ್ಮ ಹಿರಿಯರು ಕಲ್ಲಿನಲ್ಲಿ ಕೆತ್ತಿದರು, ಓಲೆಯಲ್ಲಿ ಬರೆದರು. ಅದು ನಿಂತಿತು' ಎನ್ನುವವರು ಇವರು. ಇವರ ಅಪ್ಪುಗೆಯಿಂದಲೂ ನಾನು ತಪ್ಪಿಸಿಕೊಳ್ಳಬೇಕಾಗಿದೆ. ಕಲ್ಲು ನಿಂತಿತೆ? ಹಂಪಿಗೆ ಹೋಗಿ ನೋಡಲಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ೧೮೫೬ರಲ್ಲಿ ಅಲ್ಲಿಗೆ ಬಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ಹಿಡಿದನು. ಅವು ಹೊರಗಿನವರಿಗೆ ತಿಳಿಯದೆ ಎಲ್ಲಿಯೋ ಇದ್ದು ೧೯೮೦ರ ಸುಮಾರಿಗೆ ಬೆಳಕಿಗೆ ಬಂದವು. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ನೆಲೆಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ: ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು, ಈಗ ಇಲ್ಲ. ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ಜೇಬಿನಲ್ಲಿಟ್ಟು ತಿರುಗುವ ರಥ ಶಿಖರ ಕಳೆದುಕೊಂಡ ರಥ. (ಅದರ ಗಾಲಿಗಳು ಹಿಂದೆ ತಿರುಗುತ್ತಿದ್ದವಂತೆ, ಜನರ ಕೈಚಳಕಕ್ಕೆ ಹೆದರಿ ಗಾರೆ ಹಾಕಿ ನಿಲ್ಲಿಸಿದ್ದಾರೆ. ತಿರುಗದ ಚಕ್ರಗಳಿಗೂ ನಮ್ಮ ಜಿಲ್ಲೆಗೂ ಏನೋ ಋಣಾನುಬಂಧ.) ಎಂದರೆ, ಕಟ್ಟಿದ ಶಿಖರ ಹೋಯಿತು, ಅದರ ನೆನಪನ್ನು ಕಾಗದ ಕಾಯಿತು. ಆ ಕಾಗದವನ್ನು ಓದಲು ಬೇಕಾದ ಯಂತ್ರ ಬೆಳಕೊಂದೇ.

ಆದರೆ ಕಾಗದಕ್ಕೂ ನಾನು ಜಯಕಾರ ಹಾಕುವವನಲ್ಲ. ಗ್ರೀನ್‌ಲಾನ ಚಿತ್ರಗಳು ಉಳಿದದ್ದು ಅದೃಷ್ಟ. ಅದೃಷ್ಟವನ್ನು ಪದ್ಧತಿಯೆಂದು ಕರೆಯಲಾಗದು. ೧೫೬೫ರ ಯುದ್ಧದ ಮೇಲೆ ವಿಜಯನಗರ ಸುಲಿಗೆಯಾಯಿತು. ಆ ನಗರದ ಬೀದಿ, ಸಂತೆ, ಮಹಾನವಮಿಯ ವೈಭವ ಇವೆಲ್ಲ ಇಂದು ನಮಗೆ ಕಣ್ಣಿಗೆ ಕಟ್ಟಿದಂತೆ ತಿಳಿದಿದ್ದರೆ, ಪೇಯಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರು ಬರೆದ ವೃತ್ತಾಂತಗಳ ಹಸ್ತಪ್ರತಿ ದೂರದ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಉಳಿದದ್ದು ಒಂದು ಮುಖ್ಯ ಕಾರಣ. ೧೮೯೭ರಲ್ಲಿ ಡೇವಿಡ್ ಲೋಪೆಸ್ ಲಿಸ್ಬನ್ನಿನಲ್ಲಿ ಅದನ್ನು ಅಚ್ಚು ಹಾಕಿಸಿದನು. ೧೯೦೦ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದನು. ಬೆಂಕಿ ಬಿದ್ದ ಊರಿನಲ್ಲಿಯೇ ಆ ಬರಹವೂ ಇದ್ದಿದ್ದರೆ? ಪ್ರತಿಯೊಂದು ಬೇರೆ ಊರಿನಲ್ಲಿರಬೇಕೆಂಬುದಕ್ಕೆ ಹಂಪಿಗಿಂತ ದೊಡ್ಡ ಸಾಕ್ಷಿ ಬೇಕೆ?

ಓಲೆಯ ಅಭಿಮಾನಿಗಳಿಗೆ ಇನ್ನೊಂದು ಮಾತು. ಓಲೆಗೆ ಗೆದ್ದಲಿದೆ, ತೇವವಿದೆ, ಬೆಂಕಿಯಿದೆ, ಮೊಮ್ಮಕ್ಕಳಿದ್ದಾರೆ. ಪೊನ್ನನ ಶಾಂತಿಪುರಾಣ ಉಳಿದದ್ದು ಓಲೆ ಗಟ್ಟಿಯೆಂದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು ಎಂದು. ಸಾವಿರ! ಒಂದೊಂದು ಅಕ್ಷರವನ್ನೂ ಕಂಠದಿಂದ ಕೊರೆಯಬೇಕಾಗಿದ್ದ ಕಾಲ ಅದು. ಬೆರಳಿನ ಒಂದು ಒತ್ತಿಗೆ ಎರಡನೆಯ ಪ್ರತಿ ಆಗುವ ಕಾಲದಲ್ಲಿ ನಾವು ಒಂದನ್ನು ಮಾಡಿ ಬೀಗ ಹಾಕಿದೆವು. ಉಳಿಸುವುದೆಂದರೆ ಓಲೆಯೂ ಅಲ್ಲ, ಕಲ್ಲೂ ಅಲ್ಲ, ಡಿಸ್ಕೂ ಅಲ್ಲ. ಮತ್ತೆ ಮತ್ತೆ ನಕಲು ಮಾಡುತ್ತಲೇ ಇರುವ ಒಂದು ಚಾಕರಿ. ಅದರಲ್ಲಿ ಸಮಾರಂಭವಿಲ್ಲ, ಹಾರವಿಲ್ಲ. ಆದ್ದರಿಂದಲೇ ಅದಕ್ಕೆ ನಮ್ಮಲ್ಲಿ ಜನವಿಲ್ಲ.

ಈ ಚಾಕರಿ ಬಲ್ಲವರು ನಮ್ಮ ನೆರೆಯಲ್ಲಿಯೇ ಇದ್ದರು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಓದುಬರಹ ಕಲಿತವರಲ್ಲ. ತಂದೆಯಿಂದ ಕಲಿತ ಬುರ್ರಕಥೆಯ ಮಹಾಕಾವ್ಯಗಳು, ಕುಮಾರರಾಮನ ಕಥೆಯೂ ಸೇರಿ, ಅವರ ನಾಲಗೆಯ ಮೇಲಿದ್ದವು. ಅವರ ಭಂಡಾರ ತುಕ್ಕು ಹಿಡಿಯಲಿಲ್ಲ, ಏಕೆಂದರೆ ಅದು ದಿನವೂ ತಿರುಗುತ್ತಿತ್ತು. ೨೦೧೪ರಲ್ಲಿ ಅವರು ತೀರಿಕೊಂಡರು. ಕನ್ನಡ ವಿಶ್ವವಿದ್ಯಾಲಯದವರು ಅವರ ಬಾಯಿಂದ ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದ ಕಾವ್ಯಗಳು ಇಂದು ಅನೇಕರ ಮನೆಯಲ್ಲಿವೆ. 'ಹಾಗಾದರೆ ಕಂಪ್ಲಿಯ ತರುಣರು ಅದನ್ನೇ ಆಡಲಿ, ನಿಮ್ಮ ಪುಸ್ತಕ ಏಕೆ?' ಎಂದು ನಮ್ಮ ಸಮಿತಿಯವರೊಬ್ಬರು ಕೇಳಿದರು. ಬುರ್ರಕಥೆಯ ಕುಮಾರರಾಮ ಬೇರೆ, ದೊಡ್ಡಾಟದ ಕುಮಾರರಾಮ ಬೇರೆ. ಹಾಡುವ ಕಥೆ ಕುಣಿಯುವ ಕಥೆಯಲ್ಲ. ಇದನ್ನು ಬಯಲಾಟದ ನಾಡಿನಲ್ಲಿ ವಿವರಿಸಬೇಕಾಗಿ ಬಂದದ್ದೇ ಖೇದ.

'ಈಗ ಡಿಸ್ಕು ಯಾಕೆ, ಎಲ್ಲವನ್ನೂ ಕ್ಲೌಡಿಗೆ ಹಾಕೋಣ' ಎಂಬುದು ಹೊಸ ಪರಿಹಾರ. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ; ಬೇರೆಯವರ ಮನೆಯ ಡಿಸ್ಕುಗಳು, ತಿಂಗಳ ಬಾಡಿಗೆಯ ಮೇಲೆ. ಅವರು ಹಲವು ಪ್ರತಿ ಇಟ್ಟು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಒಪ್ಪಿದೆ. ಬಾಡಿಗೆ ಕಟ್ಟುವವರಾರು? ಪಾಸ್‌ವರ್ಡ್ ಯಾರ ತಲೆಯಲ್ಲಿರುತ್ತದೆ? ಅದನ್ನೂ ಒಂದು ಪ್ರತಿಯಾಗಿ ಇಡೋಣ, ಒಂದೇ ಪ್ರತಿಯಾಗಿ ಬೇಡ. ಡಿಸ್ಕು ಕೆಡದಿದ್ದರೂ ಓದುವ ಯಂತ್ರ ಕಾಣೆಯಾಗಬಹುದೆಂಬುದು ಇನ್ನೊಂದು ಕಥೆ. ಇಂಗ್ಲೆಂಡಿನಲ್ಲಿ ೧೦೮೬ರ ಡೂಮ್ಸ್‌ಡೇ ಎಂಬ ಭೂದಾಖಲೆಯ ಪುಸ್ತಕಕ್ಕೆ ಒಂಬೈನೂರು ವರ್ಷವಾದಾಗ, ೧೯೮೬ರಲ್ಲಿ, ಬಿಬಿಸಿಯವರು ಲೇಸರ್ ತಟ್ಟೆಗಳ ಮೇಲೆ ಹೊಸದೊಂದನ್ನು ರಚಿಸಿದರು. ಇಪ್ಪತ್ತು ವರ್ಷ ತುಂಬುವ ಮೊದಲೇ ಆ ತಟ್ಟೆಗಳನ್ನು ಓದುವ ಯಂತ್ರಗಳು ದುರ್ಲಭವಾಗಿ, ಅದನ್ನು ಪಾರುಮಾಡಲು ತಜ್ಞರು ಹೆಣಗಬೇಕಾಯಿತು. ತೊಗಲಿನ ಮೇಲೆ ಬರೆದ ಹಳೆಯದನ್ನು ಲ್ಯಾಟಿನ್ ಬಲ್ಲವರು ಇಂದಿಗೂ ಓದುತ್ತಾರೆ.

ಇಷ್ಟೆಲ್ಲ ಬರೆಯಲು ಕಾರಣ, ಹೋದದ್ದರ ಶೋಕ ಮಾತ್ರವಲ್ಲ. ಅದೇ ಸಂಘದಲ್ಲಿ ಇನ್ನೊಂದು ಟ್ರಂಕು ಪುಸ್ತಕಗಳಿವೆ. ಸಂಡೂರು ಕಡೆಯ ಹಳ್ಳಿಯೊಂದರ ಮೇಳದವರು ಈಚೆಗೆ ತಂದುಕೊಟ್ಟದ್ದು. ಅದನ್ನೂ ಸ್ಕ್ಯಾನ್ ಮಾಡಿಸಿ, ಡಿಸ್ಕಿಗೆ ಹಾಕಿ, ಕಾಗದವನ್ನು 'ವಿಲೇವಾರಿ' ಮಾಡುವ ವಿಷಯ ಈ ತಿಂಗಳ ಸಭೆಯ ಕಾರ್ಯಸೂಚಿಯಲ್ಲಿದೆ. ವಿಲೇವಾರಿ ಎಂಬ ಪದವನ್ನು ಗಮನಿಸಬೇಕು. ನನ್ನ ಷರತ್ತುಗಳು ಇವು: ಸ್ಕ್ಯಾನ್ ಧಾರಾಳವಾಗಿ ಆಗಲಿ, ಆದರೆ ಕಾಗದ ಒಂದು ಹಾಳೆಯೂ ಹೊರಗೆ ಹೋಗಕೂಡದು. ಪ್ರತಿ ಮೂರಕ್ಕೆ ಕಡಿಮೆ ಬೇಡ. ಒಂದು ಕಂಪ್ಲಿಯಲ್ಲಿರಲಿ, ಒಂದು ಕನ್ನಡ ವಿಶ್ವವಿದ್ಯಾಲಯದವರು ಒಪ್ಪಿದರೆ ಅವರಲ್ಲಿರಲಿ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನವೇ ಆಗಲಿ, ಕುಂಕುಮ ಹಚ್ಚುವ ಮೊದಲು ಎಲ್ಲವನ್ನೂ ಜೋಡಿಸಿ ತೆರೆದು ನೋಡಲಿ. ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲಿಸಲಿ. ಅದರ ಖರ್ಚನ್ನು ಇಂದೇ ಅಂದಾಜುಪಟ್ಟಿಯಲ್ಲಿ ಸೇರಿಸಲಿ. ದಾನಿಗಳು ಇದಕ್ಕೆ ಹಣ ಕೊಡದಿದ್ದರೆ ಅವರ ದಾನವನ್ನು ನಮಸ್ಕಾರಪೂರ್ವಕ ಹಿಂದಿರುಗಿಸಬೇಕು.

ಜಾಗವಿಲ್ಲವೆಂಬ ಉತ್ತರ ಬರುತ್ತದೆ, ಬಲ್ಲೆ. ನಮ್ಮ ಸಭಾಭವನದ ವೇದಿಕೆಯ ಕೆಳಗೆ ಮುರಿದ ಕುರ್ಚಿಗಳು ಹತ್ತು ವರ್ಷದಿಂದ ಸುಖವಾಗಿವೆ. ಅವುಗಳ ವಿಲೇವಾರಿಯ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಒಂದು ಟ್ರಂಕಿನ ಜಾಗ ಅಲ್ಲಿ ಸಿಕ್ಕೀತು, ಅಥವಾ ನನ್ನ ಮನೆಯ ಪಡಸಾಲೆಯಲ್ಲಿ ಸಿಕ್ಕೀತು. ಕಂಪ್ಲಿಯ ಆ ತರುಣರು ಡಿಸ್ಕಿನ ಮೇಲಿನ ಆಸೆ ಬಿಟ್ಟಿದ್ದಾರೆ. ಈ ಟ್ರಂಕಿನಲ್ಲಿಯೂ ಕುಮಾರರಾಮನ ಆಟದ ಕೆಲವು ಪದಗಳಿವೆ ಎಂದು ಕೇಳಿ, ಭಾನುವಾರ ಭಾನುವಾರ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ ಎಂದು ಅರ್ಜಿ ಕೊಟ್ಟು ಮೂರು ವಾರವಾಯಿತು. ಟ್ರಂಕಿನ ಬೀಗದ ಕೈ ಕಾರ್ಯದರ್ಶಿಗಳ ಬಳಿ ಇದೆ.